ಸಾಲು

ವಾನವಡಿ ಮಿಲಿಟರಿ ಆಸ್ಪತ್ರೆ, ಮೆಡಿಕಲ್ ಬೋರ್ಡಿನ ವರಾಂಡ.
ಮೂರನೇ ಸಲ ಬಂದಿದ್ದೇವೆ. ಬೆಂಚಿನ ತುಂಬ ನನ್ನಂಥವರೇ.
ಒಬ್ಬನಿಗೆ ಕಿವಿ, ಇನ್ನೊಬ್ಬನಿಗೆ ಮೊಣಕಾಲು.
ಹಿಮದಲ್ಲಿ ಎರಡು ಬೆರಳು ಬಿಟ್ಟುಬಂದ ಸಾತಾರದ ಘಾಡ್ಗೆ
ಉಳಿದವುಗಳಲ್ಲೇ ತಂಬಾಕು ತಿಕ್ಕುತ್ತ ಕೇಳುತ್ತಾನೆ,
"ತುಮಚಂ ಕಾಯ?" ನಿಮ್ಮದೇನು?
"ಸೊಂಟ" ಅನ್ನುತ್ತೇನೆ.
ಸುಳ್ಳೇನಲ್ಲ. ಸೊಂಟದವರೆಗೆ ಎಲ್ಲ ನಿಜ.

ತಂಗಧಾರದ ತಿರುವಿನಲ್ಲಿ ಟ್ರಕ್ಕು ಮಗುಚಿದಾಗ
ಬೆನ್ನಿನ ಎರಡು ಮಣಿ ನುಜ್ಜಾದವು.
ಅದಕ್ಕೆ ಮೂವತ್ತು ಪರ್ಸೆಂಟ್ ಬರೆದುಕೊಟ್ಟರು, ಮುದ್ರೆ ಸಮೇತ.
ಅದರ ಕೆಳಗಿನದಕ್ಕೆ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.
"ವಯಸ್ಸು," ಅಂದ ಮೊದಲ ಡಾಕ್ಟರು. ನನಗಾಗ ಮೂವತ್ತೆಂಟು.
"ಸಕ್ಕರೆ," ಅಂದ ಎರಡನೆಯವನು,
ರಿಪೋರ್ಟು ನೋಡಿ "ಹಾಗಾದರೆ ಮನಸ್ಸು" ಅಂದ.
ಈ ಸಲ ಒಬ್ಬ ಹುಡುಗಿ, ಕ್ಯಾಪ್ಟನ್, ನನ್ನ ಅಕ್ಕನ ಮಗಳ ವಯಸ್ಸಿನವಳು.
ಯಾವಾಗಿನಿಂದ, ಅಂತ ತಲೆಯೆತ್ತದೆ ಕೇಳಿದಳು.
ಸಾವಧಾನ ನಿಂತು ತಾರೀಖು ಹೇಳಿದೆ.
ಕೇಳದಿದ್ದರೂ ಗಾಡಿ ನಂಬರು ಹೇಳಿದೆ.

ಕಾಯಿಲೆಯ ಹೆಸರು ನನಗೆ ಇಂಗ್ಲಿಷಿನಲ್ಲಷ್ಟೇ ಗೊತ್ತು,
ಎರಡು ಅಕ್ಷರ, ಸ್ಟೋರಿನ ಯಾವುದೋ ಬಿಡಿಭಾಗದ ಹಾಗೆ.
ಕನ್ನಡದಲ್ಲಿರುವ ಮಾತುಗಳೆಲ್ಲ
ಇನ್ನೊಬ್ಬನನ್ನು ಬೈಯಲು ಕಲಿತವು.

"ಹೆಂಡತಿಯ ಹೇಳಿಕೆ ಬೇಕು. ಬರೆದು ತಂದರೂ ಸರಿ."
ನೀಲಗಂಗಾ ಒಂದು ವಾರ ಏನೂ ಅನ್ನಲಿಲ್ಲ.
ಹಡಪಸರದ ನಮ್ಮ ಒಂದೂವರೆ ಕೋಣೆಯಲ್ಲಿ
ದೀಪ ಆರಿದ ಮೇಲೆ ನಾನು ಗೋಡೆಯ ಕಡೆ ತಿರುಗುತ್ತೇನೆ,
ಒಂಬತ್ತು ವರ್ಷದಿಂದ.
ಆ ಸುಣ್ಣದ ಸೀಳುಗಳು ಗಡಿಯ ನಕ್ಷೆಗಿಂತ ಚೆನ್ನಾಗಿ ಬಾಯಿಪಾಠ.
ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದರೆ
ಡಬ್ಬಿಯ ಕೆಳಗೆ ಲಕೋಟೆ. ಅನ್ನದ ಅಗುಳಿನಿಂದ ಅಂಟಿಸಿದ್ದು.

ಕಿಟಕಿಯ ಕ್ಲರ್ಕು ಹರಿದು ನೋಡಿ ನಕ್ಕ,
"ಯೇ ಕೌನ್ಸೀ ಜಲೇಬಿ ಹೈ?
ನೀನೇ ಓದಿ ಹಿಂದಿಯಲ್ಲಿ ಹೇಳು, ಬರೆದುಕೊಳ್ಳುತ್ತೇನೆ."
ಹಿಂದೆ ಹನ್ನೊಂದು ಜನ. ಮುಂದೆ ಗಾಜಿನಲ್ಲಿ ಅಂಗೈಯಷ್ಟು ತೂತು.
ಅವಳು ಕಂಬಕ್ಕೆ ಒರಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು,
ಸರಿಯಾಗೇ ಇದ್ದ ಪಟ್ಟಿ.

ಓದಿದೆ.
'ನಾನು ನೀಲಗಂಗಾ, ಹವಾಲ್ದಾರ್ ಸಿದಗೊಂಡ ಬಿರಾದಾರ ಇವರ ಹೆಂಡತಿ.
ಆಕ್ಸಿಡೆಂಟಿಗಿಂತ ಮೊದಲ ರಜಾಕ್ಕ ಬಂದಾಗ ನಾವು ಚಲೋ ಇದ್ದಿವಿ.
ಆಮ್ಯಾಲೆ ಇಲ್ಲ.
ಎರಡು ತಾಯತ, ಮಿರಜದ ಒಬ್ಬ ವೈದ್ಯ, ಏಳು ಸಾವಿರ ಖರ್ಚು.
ಇವರು ಕುಡಿಯೂದಿಲ್ಲ.
ನನ್ನನ್ನ ಒಂದಿನಾನೂ ಬೈದಿಲ್ಲ.'
ಎಲ್ಲ ಹೇಳಿದೆ, ಹಿಂದಿಯಲ್ಲಿ, ಗಾಜಿಗೆ ಕೇಳಿಸುವಷ್ಟು ಗಟ್ಟಿಯಾಗಿ.
ಬೆಂಚಿನ ಮೇಲೆ ಘಾಡ್ಗೆಯ ತಂಬಾಕು ತಿಕ್ಕುವುದು ನಿಂತಿತ್ತು.

ಇನ್ನೂ ಒಂದು ಸಾಲಿತ್ತು.
'ರೊಕ್ಕ ಕೊಟ್ಟರ ಕೊಡ್ರಿ, ಬಿಟ್ಟರ ಬಿಡ್ರಿ.
ಇದು ಆ ರಸ್ತಾದಿಂದ ಆಗೇದ, ನನ್ನಿಂದ ಅಲ್ಲ ಅಂತ
ಒಂದು ಕಾಗದದಾಗ ಬರದು ಕೊಡ್ರಿ.'

"ಔರ್ ಕುಛ್?"
"ನಹೀಂ," ಅಂದೆ. "ಸಹಿ ಅಷ್ಟೇ."

ಊಟದ ಹೊತ್ತು. ಕಿಟಕಿಗೆ ಹಲಗೆ ಬಿತ್ತು.
ಬೇವಿನ ನೆರಳಲ್ಲಿ ಅವಳು ಡಬ್ಬಿ ಬಿಚ್ಚಿದಳು,
ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಉಳ್ಳಾಗಡ್ಡಿಯನ್ನು ಕಟ್ಟೆಗೆ ಇಟ್ಟು ಒಂದೇ ಗುದ್ದು.
ದೊಡ್ಡ ಹೋಳು ನನ್ನ ಕಡೆ ದೂಡಿದಳು.
ನನಗೆ ಗಂಟಲಲ್ಲಿ ಇಳಿಯಲಿಲ್ಲ.
"ಒಂದು ಸಾಲು ಬಿಟ್ಟೀನಿ."
"ಗೊತ್ತೈತಿ," ಅಂದಳು ರೊಟ್ಟಿ ಮುರಿಯುತ್ತ.
"ಹನ್ನೊಂದು ವರ್ಷ ಫ್ಯಾಮಿಲಿ ಕ್ವಾರ್ಟರ್ಸಿನ್ಯಾಗ ಇದ್ದಾಕಿ ನಾ.
ಹಿಂದಿ ನನಗ ತಿಳಿಯೂದಿಲ್ಲೇನು?"

ಬೈದಿದ್ದರೆ ಸುಲಭವಿತ್ತು. ಹಿಂಡಿಗೆ ಎಣ್ಣೆ ಹಾಕಿದಳು.

ಕಿಟಕಿ ಎರಡೂವರೆಗೆ ತೆರೆಯುತ್ತದಂತೆ.
ಕೈಗೆ ಅಂಟಿದ ಖಾರ ಪ್ಯಾಂಟಿಗೆ ಒರೆಸಿಕೊಂಡು
ಒಂದೂ ಐವತ್ತಕ್ಕೇ ಹೋಗಿ
ಮುಚ್ಚಿದ ಹಲಗೆಯ ಮುಂದೆ
ಸಾಲಿನಲ್ಲಿ ನಿಂತೆ, ಒಬ್ಬನೇ.