ಎರಡನೇ ರನ್ನು

ಹಟ್ಟಿ ಕ್ಯಾಂಪಿನ ಮೈದಾನಕ್ಕೆ ಹೊಸ ಗೇಟಂತೆ,
ಗೇಟಿಗೆ ಹಳೇ ಆಟಗಾರನೊಬ್ಬನ ಹೆಸರಂತೆ.
ಯಂಕೋಬನದೋ ಆದೆಪ್ಪನದೋ,
ಅಂಕಿಅಂಶ ಕಳಿಸಿ ಎಂದು ಆಫೀಸಿನಿಂದ ಚೀಟಿ ಬಂದಿದೆ
ಬೇವಿನ ಕೆಳಗೆ ಹದಿಮೂರು ವರ್ಷ ಕೂತು
ಚುಕ್ಕಿ ಇಟ್ಟವನಿಗೆ.

ಟ್ರಂಕು ತೆಗೆದೆ. ಎಂಬತ್ಮೂರರ ಪುಸ್ತಕ ಗೆದ್ದಲಿನ ಪಾಲು.
ಉಳಿದದ್ದು ಇಷ್ಟು:
ಯಂಕೋಬ, ಡೀಪ್ ಮಿಡ್‌ವಿಕೆಟ್. ಪಂದ್ಯ ನೂರಾ ನಲವತ್ತೊಂದು,
ರನ್ನು ಎರಡು ಸಾವಿರದ ಮುನ್ನೂರಾ ಹದಿನೆಂಟು,
ಕ್ಯಾಚು ತೊಂಬತ್ತಾರು.
ಆದೆಪ್ಪ, ಲಾಂಗ್ ಆಫ್. ಪಂದ್ಯ ಮೂರು ಕಡಿಮೆ,
ರನ್ನು ಹದಿನಾಲ್ಕು ಕಡಿಮೆ, ಕ್ಯಾಚು ಬರೀ ಐವತ್ತೆಂಟು.
ಇಷ್ಟೇ ಆದರೆ ಒಂದು ಪೋಸ್ಟ್ ಕಾರ್ಡು ಸಾಕು.

ಆದರೆ ನಾನು ಟೈಂ ಆಫೀಸಿನವನೂ ಹೌದು.
ಹಿತ್ತಾಳೆ ಬಿಲ್ಲೆ ಮೊಳೆಗೆ ವಾಪಸು ಬಂತೇ ನೋಡಿ
ಇಳಿದವರು ಮೇಲೆ ಬಂದರೆಂದು ಬರೆಯುತ್ತಿದ್ದವ.
ಭಾನುವಾರ ಯಾರ ಬಿಲ್ಲೆ ಎಷ್ಟಕ್ಕೆ ಬಂತೆಂದು
ಸ್ಕೋರು ಪುಸ್ತಕದ ಅಂಚಿಗೂ ಗೀಚಿಡುವ ಚಾಳಿ.

ಯಂಕೋಬನ ಪಕ್ಕ ನಲವತ್ಮೂರು ಕಡೆ 'ರಾ.ಪಾ.'
ರಾತ್ರಿ ಪಾಳಿ.
ಆರಕ್ಕೆ ಭೂಮಿಯಿಂದ ಎದ್ದು, ಏಳೂವರೆಗೆ ಟಾಸು,
ಕತ್ತಲಿಗೆ ಪಳಗಿದ ಕಣ್ಣಲ್ಲಿ ಬಿಸಿಲಿಗೆ ನೀರು.
ಆ ದಿನಗಳನ್ನೇ ಬೇರೆ ಕೂಡಿಸಿದೆ: ಸರಾಸರಿ ಹನ್ನೊಂದು.
ನಿದ್ದೆ ಮಾಡಿ ಬಂದ ದಿನ ಇಪ್ಪತ್ತೆರಡು.
ಕ್ಯಾಚು ಮಾತ್ರ ಎರಡೂ ಕಡೆ ಒಂದೇ ಸಮ.
"ಚೆಂಡು ಎಲ್ಲಿ ಕಾಣ್ತಿತ್ತೋ ಮಾರಾಯ,
ಬ್ಯಾಟಿನ ಸಪ್ಪಳ ಕೇಳಿ ಓಡ್ತಿದ್ದೆ" ಅಂದಿದ್ದ ಒಮ್ಮೆ,
ಕಲ್ಲು ಬಿರಿಯುವ ಮೊದಲೇ ಕಿವಿಗೊಡುವ ಊರಿನವ.

ಆದೆಪ್ಪ ಮಿಲ್ಲಿನವ. ಹಗಲು ಪಾಳಿ, ಕಣ್ಣು ತುಂಬ ನಿದ್ದೆ.
ಕ್ಯಾಚು ಯಾಕೆ ಕಡಿಮೆ ಎಂದು ಕೇಳುವವರು
ಅವನ ತೋಳು ನೋಡಿಲ್ಲ.
ಸಿಂಧನೂರಿನವರು, ಗಂಗಾವತಿಯವರು
ಮೊದಲೆರಡು ವರ್ಷ ಎರಡನೇ ರನ್ನಿಗೆ ಓಡಿ ಓಡಿ ಔಟಾದರು.
ಆಮೇಲೆ ಒಂದಕ್ಕೇ ನಿಂತರು.
ಆಮೇಲೆ ಆ ಕಡೆ ಹೊಡೆಯುವುದನ್ನೇ ಬಿಟ್ಟರು.
ಓಡದ ರನ್ನಿಗೆ, ಬಾರದ ಚೆಂಡಿಗೆ
ನನ್ನ ಪುಸ್ತಕದಲ್ಲಿ ಖಾನೆ ಇಲ್ಲ.
ಅಂಗಡಿ ಮುಂದೆ ಮಲಗಿದ ನಾಯಿಯ ಹಾಗೆ
ಸುಮ್ಮನೆ ನಿಂತಿರುತ್ತಿದ್ದ, ಕಡೆ ಕಡೆಯ ವರ್ಷಗಳಲ್ಲಿ
ಪ್ಯಾಂಟಿಗೆ ಮಣ್ಣೂ ಹತ್ತುತ್ತಿರಲಿಲ್ಲ.

ಹದಿನಾಲ್ಕು ರನ್ನು.
ಗೆದ್ದಲು ಯಾರದನ್ನು ಎಷ್ಟು ತಿಂದಿತೋ.
ಚೀಟಿಯ ಹಿಂಬದಿ ಇನ್ನೂ ಖಾಲಿ,
ಪೆನ್ಸಿಲು ಎರಡು ಸಲ ಚೂಪು ಮಾಡಿದೆ.

ಪುಸ್ತಕದಲ್ಲಿ ಇನ್ನೊಂದು ಪುಟ: ಮಾನ್ವಿಯ ಮೇಲಿನ ಫೈನಲ್ಲು.
ಗಣಿಯ ಬೂದುಮಣ್ಣಿನ ದಿಬ್ಬದತ್ತ ಎದ್ದ ಚೆಂಡು
ನೆಟ್ಟಗೆ ಇಬ್ಬರ ನಡುವೆ.
ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬ ಬಂದು
ಗಕ್ಕನೆ ನಿಂತರು.
"ನಿಂದು" ಅಂದ ಯಂಕೋಬ.
"ಏ, ನಿಂದೋ" ಅಂದ ಆದೆಪ್ಪ.
ಚೆಂಡು ಬಿದ್ದು, ಒಮ್ಮೆ ಪುಟಿದು, ಸುಣ್ಣದ ಗೆರೆ ದಾಟಿತು.
ಬೌಲರ್ ಮೌನೇಶನ ಲೆಕ್ಕಕ್ಕೆ ನಾಲ್ಕು ಬರೆದೆ,
ಫೀಲ್ಡರ್ ಹೆಸರಿಗೆ ಜಾಗವಿರಲಿಲ್ಲ.

ಇವತ್ತಿಗೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ
ಮೌನೇಶ ಇಬ್ಬರನ್ನೂ ಬೈಯುತ್ತಾನೆ,
ಬೈದು, ಮೂರು ಚಹಾ ಹೇಳುತ್ತಾನೆ.