ಹಿಂಬದಿ

ಸೊರಬದ ತಾಲೂಕು ಕಚೇರಿ ಎದುರು
ಝೆರಾಕ್ಸ್ ಅಂಗಡಿಯ ನೆರಳಿನಲ್ಲಿ ನನ್ನ ಮೇಜು.
ಅರ್ಜಿ, ಅಫಿಡವಿಟ್ಟು, ಇಂಗ್ಲಿಷಿನಿಂದ ಕನ್ನಡಕ್ಕೆ
ಪುಟಕ್ಕೆ ನಲವತ್ತು ರೂಪಾಯಿ.

ಇಂದುಮತಿ ಗುಡಿಗಾರ ಬಿಸ್ಕತ್ತಿನ ಡಬ್ಬದಲ್ಲಿ ತಂದಳು
ಹನ್ನೊಂದು ಹಾಳೆ.
‘ಮುತ್ತಜ್ಜನ ಅಪ್ಪಂದಂತೆ. ಹಿತ್ತಿಲಿನ ಸರ್ವೆ ನಂಬರು
ಎಲ್ಲಾದರೂ ಇದೆಯಾ ನೋಡಿ,
ಬುಧವಾರ ಕೋರ್ಟಿದೆ.’

ನೋಡಿದೆ. ಸರ್ವೆ ನಂಬರಿಲ್ಲ.
ಆಂಬ್ರೋಸ್ ಪೆಲ್ ಎಂಬ ಲಂಡನ್ನಿನ ಚಿತ್ರಗಾರ
ಸೊರಬದ ಕೆರಿಯಪ್ಪನಿಗೆ ಬರೆದ ಕಾಗದಗಳು,
ಮೊದಲನೆಯದು ಸಾವಿರದ ಎಂಟುನೂರ ಅರವತ್ತೆಂಟರದ್ದು.
ಚಿತ್ರಗಾರನೆಂದರೆ ಸೂರ್ಯಾಸ್ತದ ಮಾತು ಇದ್ದೀತೆಂದುಕೊಂಡೆ.
ಇವನು ಬರೆಯುವುದು ಅಂಟಿನ ಬಗ್ಗೆ.

ಹೊಟ್ಟು ತುಂಬಿ ಕಳಿಸು, ಹುಲ್ಲು ಬೇಡ,
ಹಡಗಿನಲ್ಲಿ ಹುಲ್ಲು ಬೆವರುತ್ತದೆ.
ಎಡಗಡೆಯ ಹಲಗೆ ಸೀಳಿದೆ, ಮರ ಹಸಿಯಿತ್ತೆ?
ಗಂಧದ ಕೊರಡಿಗೆ ಸರ್ಕಾರದ ರಹದಾರಿ ಬೇಕೆಂದು
ಎರಡು ಸಲ ಬರೆಸಿದ್ದೀಯ,
ಇಲ್ಲಿ ಅಂಗಡಿಯವನು ನಂಬುವುದಿಲ್ಲ,
ಮರಕ್ಕೂ ರಹದಾರಿಯೇ ಎಂದು ನಗುತ್ತಾನೆ.

ಮೂರನೆಯದರಲ್ಲಿ ಸಿಟ್ಟು:
ನಾನು ಬರೆದು ಕಳಿಸಿದ್ದು ನಾಲ್ಕು ನವಿಲು.
ಬಂದದ್ದು ಮೂರು.
ನಾಲ್ಕನೆಯ ಮೂಲೆಯಲ್ಲಿ ಕೂತಿರುವುದು ಏನು?

‘ಕೆಂಬೂತ,’ ಎಂದಳು ಇಂದುಮತಿ,
ಕಾಗದದತ್ತ ತಿರುಗದೆ.
ನವಿಲು ಕಂಡು ಗರಿ ಕೆದರಿಕೊಂಡ ಕೆಂಬೂತ,
ಮಾತಿನಲ್ಲಿದ್ದದ್ದನ್ನು ಮರಕ್ಕೆ ಇಳಿಸಿದ್ದಾನೆ ಮುದುಕ,
ಯಾರನ್ನು ಆಡಿಕೊಂಡನೋ,
ಸಾಹೇಬನನ್ನೋ, ತನ್ನನ್ನೋ.

ನಾಲ್ಕನೆಯ ಕಾಗದ ಎರಡೇ ಸಾಲು.
ಪೆಟ್ಟಿಗೆ ಮಾರಾಯಿತು.
ಗಿರಾಕಿ ಕೇಳುತ್ತಾಳೆ, ಆ ಹಕ್ಕಿಯದೇ ಇನ್ನೆರಡು.

ಎಲ್ಲದರ ಕೊನೆಗೂ ಒಂದೇ ಸಹಿ:
ನಿಮ್ಮ ಅತ್ಯಂತ ವಿಧೇಯ ಸೇವಕ.
ಶಾನುಭೋಗ ಎರಡಾಣೆ ಪಡೆದು ಓದಿ ಹೇಳಿದ್ದಿರಬೇಕು.
ಕೆರಿಯಪ್ಪ ಉಳಿ ಕೆಳಗಿಟ್ಟು ಕೇಳಿದ್ದಿರಬೇಕು,
ಇನ್ನೊಂದು ಸಲ ಓದಿ ಸ್ವಾಮಿ,
ಸೇವಕ ಯಾರು, ಅವರಾ, ನಾನಾ?
ಶಾನುಭೋಗ ಏನೆಂದನೋ.
ನಾನಾಗಿದ್ದರೆ, ಅದು ಅವರ ರೂಢಿ ಎಂದು
ಮಡಚಿ ಕೊಡುತ್ತಿದ್ದೆ.

ಎಪ್ಪತ್ತನಾಲ್ಕರ ಹೊತ್ತಿಗೆ ಅಕ್ಷರ ಸಣ್ಣದಾಗಿದೆ,
ಅಂಚಿನಲ್ಲೂ ಬರೆದಿದ್ದಾನೆ, ಕಾಗದ ಉಳಿಸಲು.
ಎರಡು ಗಿನಿ ಈ ತಿಂಗಳೂ ಆಗುವುದಿಲ್ಲ.
ಪತ್ರಿಕೆಯವರಿಗೆ ಮರದಚ್ಚಿನ ಮೇಲೆ
ಚಿತ್ರ ಬರೆದುಕೊಡುತ್ತಿದ್ದೆನಲ್ಲ,
ಈಗ ಫೋಟೋವನ್ನೇ ಮರದ ಮೇಲೆ ಇಳಿಸುತ್ತಾರೆ.
ಬೆಳಕಿಗೆ ಕೂಲಿ ಕೊಡಬೇಕಿಲ್ಲ, ನೋಡು.
ಆಮೇಲೆ, ನಡುವೆ, ಏನೂ ಸಂಬಂಧವಿಲ್ಲದೆ:
ನಿನ್ನ ಹಲಗೆ ಬಿಚ್ಚಿದ ದಿನ
ಕೋಣೆ ಮೂರು ದಿನ ಘಮಘಮಿಸಿತು,
ಹೆಂಡತಿ ಕಿಟಕಿ ತೆರೆಯಲು ಬಿಡಲಿಲ್ಲ.

ಹನ್ನೊಂದು. ಅಲ್ಲಿಗೆ ಮುಗಿಯಿತು.
ಬಾಕಿ ಗಿನಿ ಬಂತೋ ಇಲ್ಲವೋ.

‘ಹನ್ನೊಂದು ಪುಟ, ನಾನೂರ ನಲವತ್ತಾಗುತ್ತದೆ,’ ಎಂದೆ,
ಮುಖಕ್ಕೆ ಮುಖ ಕೊಡದೆ.
ಕೋರ್ಟಿಗೆ ಇದು ಒದಗುವುದಿಲ್ಲ, ಅದನ್ನೂ ಹೇಳಿದೆ.
ಅವಳು ಒಂದು ಹಾಳೆ ಎತ್ತಿ ಬಿಸಿಲಿಗೆ ಹಿಡಿದಳು.
ಹುಳ ತಿಂದದ್ದೆಂದುಕೊಂಡಿದ್ದೆ ನಾನು:
ಸೂಜಿಯ ತೂತು, ಸಾಲುಸಾಲು,
ವಿಧೇಯನ ಮೂಗಿನ ಮೇಲೂ, ಗಿನಿಯ ನಡುವೆಯೂ.
ಹಿಂಬದಿಯಲ್ಲಿ ಇದ್ದಿಲಿನ ಕಪ್ಪು.

ಝೆರಾಕ್ಸಿನ ಹುಡುಗನಿಂದ ಒಂದು ಚಿಟಿಕೆ
ಟೋನರ್ ಪುಡಿ ಇಸಕೊಂಡಳು,
ಕರ್ಚೀಫಿನ ಮೂಲೆಯಲ್ಲಿ ಗಂಟು ಕಟ್ಟಿ
ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು
ತಟ್ಟಿದಳು, ಮೆತ್ತಗೆ, ಮಗುವಿನ ಬೆನ್ನು ತಟ್ಟಿದ ಹಾಗೆ.
ಎತ್ತಿದಾಗ, ಯಾರದೋ ಜಾತಿ ಪ್ರಮಾಣಪತ್ರದ ಅರ್ಜಿಯ ಮೇಲೆ
ಚುಕ್ಕಿಗಳಲ್ಲಿ ಒಂದು ಬಾಲ, ಒಂದು ರೆಕ್ಕೆ,
ಕೊಕ್ಕಿನ ಜಾಗದಲ್ಲಿ ಕಾಗದ ಹರಿದಿತ್ತು.

‘ಹಿಂಬದಿಗೂ ಲೆಕ್ಕ ಹಾಕುತ್ತೀರಾ?’ ಎಂದಳು.
ಅದು ನನಗೆ ಓದಲು ಬರುವುದಿಲ್ಲ ಎಂದೆ.
ಅರ್ಜಿಯ ಹುಡುಗ ಸಾಲಿನಲ್ಲಿ ನಿಂತಿದ್ದ.
ಇನ್ನೊಂದು ಫಾರಂ ತಗೋ ಅಂತ ಕಳಿಸಿದೆ,
ಅದರ ಐದು ರೂಪಾಯಿ ನಾನೇ ಕೊಟ್ಟು.