ಕೈಗಡ

ಬಾಬಿನ್ ಡಬ್ಬಿಯಲ್ಲಿ ಆರು ಉಳಿದಿದ್ದವು.
ಹೊಲಿಗೆ ಮಿಷನ್ನಿನ ಡ್ರಾಯರು, ಅದರೊಳಗೆ ಡಬ್ಬಿ,
ಡಬ್ಬಿಗೆ ಹತ್ತಿ, ಅಲುಗಿದರೆ ಸದ್ದಾಗದ ಹಾಗೆ.
ಎಂಟು ವರ್ಷದಿಂದ ಈ ಮನೆಯಲ್ಲಿ
ನನ್ನ ಗುಟ್ಟಿಗೆ ಇದ್ದದ್ದು ಅಷ್ಟೇ ಜಾಗ.

ರಾತ್ರಿ ಒಂಬತ್ತು. ಅತ್ತೆ ಧಾರಾವಾಹಿಗೆ,
ಮೈದುನ ಇಸ್ಪೀಟಿಗೆ, ಮಕ್ಕಳು ನಿದ್ದೆಗೆ.
ಆ ಹೊತ್ತಿಗೊಂದು ಗುಟುಕು ನೀರು, ಮುಗೀತು.
ಈಗ ಬಸ್ಸು ನಿಂತು, ಗ್ಯಾರೇಜು ಮುಚ್ಚಿ,
ಧಾರಾವಾಹಿಯೂ ಹಳೇ ಕಂತಿಗೆ ಬಿದ್ದು
ಕಾಗದನಗರದ ಎರಡು ಕೋಣೆಯಲ್ಲಿ
ಏಳು ಜನ, ಹದಿನಾಲ್ಕು ಕಣ್ಣು.
ಬಚ್ಚಲಿಗೆ ಹೋಗಿ ನಲ್ಲಿ ನೀರಲ್ಲೇ ನುಂಗಿದೆ.
"ದಿನಾ ಒಂಬತ್ತಕ್ಕೇ ಹೊಟ್ಟೆ ಕೆಡುತ್ತೇನೇ ನಿನಗೆ?"
ಕೇಳಿದವರು ಅತ್ತೆ. ನಕ್ಕವಳು ನಾನು.

ಶಿವಮೊಗ್ಗ ಹದಿನೆಂಟು ಕಿಲೋಮೀಟರು. ನಡೆಯಬಲ್ಲೆ.
ನಡುವೆ ಪೊಲೀಸರ ಹಗ್ಗ, ಹಗ್ಗದ ಪಕ್ಕ ಕುರ್ಚಿ,
"ಎಲ್ಲಿಗೆ? ಯಾವ ಕಾಯಿಲೆ?"
ಶುಗರ್ ಅಂದವರ ಚೀಟಿ ನೋಡಿ ಬಿಡುತ್ತಾನಂತೆ.
ನನ್ನ ಹಸಿರು ಪುಸ್ತಕ ಬಿಚ್ಚಿದರೂ
ಬಿಡುತ್ತಾನೆ, ಸರಿ.
ಅವನ ಹಿಂದೆ ನಿಂತ ವಾಲಂಟಿಯರು ಹುಡುಗ ನಮ್ಮ ಬೀದಿಯವನು.

ಕೌನ್ಸೆಲರ್ ಮೇಡಂ ಫೋನು ಮಾಡಿದರು. ಎತ್ತಿದ್ದು ಮೈದುನ.
ಆಯಮ್ಮ ಜಾಣೆ: "ಟೈಲರಮ್ಮನಿಗೆ ಹೇಳಿ,
ಮೂವತ್ತು ಹುಕ್ಕು ಬರೋದು ತಡ.
ನಮ್ಮ ಕೋಣೇನ ಬೇರೆಯವರಿಗೆ ಬಿಟ್ಟುಕೊಟ್ಟಿದೀವಿ."
ಮೈದುನ ಹಾಗೇ ಒಪ್ಪಿಸಿದ.
ಮೂವತ್ತು ಹುಕ್ಕಿಗೆ ಮುಖ ಯಾಕೆ ಹಾಗಾಯ್ತು ಅಂತಲೂ ಕೇಳಿದ.

ಆಗ ನೆನಪಾದಳು ಸೆಲ್ವಿ.
ಅವಳ ಮನೆ ಗೊತ್ತಿಲ್ಲ.
ತಿಂಗಳಿಗೊಮ್ಮೆ ಮೆಗ್ಗಾನಿನ ಬೆಂಚಿನಲ್ಲಿ
ನನ್ನ ಟೋಕನ್ನಿನ ಆಚೆಗೋ ಈಚೆಗೋ ಅವಳದು.
ಹೊರಗೆ ಸಿಕ್ಕರೆ ಮಾತಾಡಬಾರದು ಅನ್ನೋದು
ನಾವೆಲ್ಲ ಹೇಳದೇ ಮಾಡಿಕೊಂಡ ಕರಾರು.
ನಗರಸಭೆಯ ಖಾಕಿ ಕೋಟು ತೊಟ್ಟು
ದಿನಾ ಬೆಳಗ್ಗೆ ಸೇತುವೆ ಗುಡಿಸುವವಳನ್ನು
ಎಂಟು ವರ್ಷ ನೋಡಿಯೂ ನೋಡದೆ ದಾಟಿದ್ದೆ.

ಕರಾರು ಮುರಿದವಳು ನಾನು.
ಹಾಲಿನ ನೆಪ, ಕೈಚೀಲ, ಆರೂಕಾಲು ಗಂಟೆ.
"ಅಕ್ಕಾ, ಹತ್ತು ಇದ್ರೆ ಕೈಗಡ ಕೊಡ್ತೀಯಾ?
ಬಾಟಲಿ ಬಂದ ದಿನವೇ ತೀರಿಸ್ತೀನಿ."
ಒಂದು ಲೋಟ ಸಕ್ಕರೆ ಕೇಳಿದ ಹಾಗೆ ಕೇಳಿದೆ.
ಕೆಳಗೆ ಬೇಸಿಗೆಯ ಭದ್ರೆ, ಬಂಡೆಗಳ ನಡುವೆ ಸಣ್ಣಗೆ.
ಅವಳು ಪೊರಕೆಯನ್ನು ಕಟ್ಟೆಗೆ ಒರಗಿಸಿದಳು.
ನನ್ನ ಮುಖ ನೋಡಲಿಲ್ಲ. "ನಾಳೆ ಬಾ" ಅಂದಳು.

ಮರುದಿನ ಹಾಲಿನ ಪ್ಯಾಕೆಟ್ಟು, ತೊಳೆದು ಒಣಗಿಸಿದ್ದು,
ಒಳಗೆ ಹನ್ನೊಂದು.
ಒಂದು ಹೆಚ್ಚಿದೆಯಲ್ಲ ಅಂದೆ.
"ಎಣಿಸಿ ಕೊಟ್ಟಿದ್ದಲ್ಲ. ಅವರದು ಉಳಿದಿದ್ದೇ ಅಷ್ಟು."
ಅವರದು?
"ಶಿವರಾತ್ರಿ ಮುಗಿದ ವಾರ ಹೋದ್ರು.
ಮಣ್ಣಿಗೆ ಬಂದವರು ನಾಲ್ಕೇ ಜನ.
ಈಗ ಸರ್ಕಾರ ಇಪ್ಪತ್ತು ಮೀರಬಾರದು ಅಂತಿದೆ.
ಮೀರೋದಂತೆ!"
ನಕ್ಕಳೋ ಏನೋ, ಮಾಸ್ಕಿನ ಹಿಂದೆ ತಿಳಿಯಲಿಲ್ಲ.
ಆ ಮಾಸ್ಕು ನಾನು ಹೊಲಿದದ್ದು,
ಶಾಲೆ ಯೂನಿಫಾರ್ಮಿನ ಚೌಕುಳಿ ಬಟ್ಟೆ,
ಇನ್ನೂರು ಹೊಲಿದಿದ್ದೆ, ಒಂದಕ್ಕೆ ಮೂರು ರೂಪಾಯಿ.

ಹನ್ನೊಂದು ರಾತ್ರಿ ನುಂಗಿದೆ,
ಮುರುಗೇಶ ಎಂಬ ಗಂಡಸಿನ ಹನ್ನೊಂದು ರಾತ್ರಿಗಳನ್ನು.
ಅವನನ್ನು ನೋಡಿದ್ದು ಒಂದೇ ಸಲ,
ಬೆಂಚಿನ ತುದಿಯಲ್ಲಿ ಪೇಪರು ಮಡಿಸಿ ಗಾಳಿ ಹಾಕಿಕೊಳ್ಳುತ್ತಿದ್ದ.
ಗಂಟಲಲ್ಲಿ ಒಂದೂ ಸಿಕ್ಕಲಿಲ್ಲ.
ಅದೇ ಬೇಜಾರು.

ಮೇ ತಿಂಗಳಲ್ಲಿ ಬಾಟಲಿ ಬಂತು, ಒಂದಲ್ಲ, ಮೂರು.
ಹೆಲ್ಮೆಟ್ಟು ತೆಗೆಯದವನೊಬ್ಬ ರೈಲ್ವೆ ಗೇಟಿನ ಹತ್ತಿರ ಕೊಟ್ಟು
ಸಹಿ ಹಾಕಿಸಿಕೊಂಡು ಹೋದ.
ಹನ್ನೊಂದು ಎಣಿಸಿ, ಅದೇ ಪ್ಯಾಕೆಟ್ಟಿಗೆ ತುಂಬಿ
ಸೇತುವೆಗೆ ಹೋದೆ. ಸೆಲ್ವಿ ತಗೊಳ್ಳಲಿಲ್ಲ.
"ಯಾರಿಗೆ ಕೊಡ್ಲಿ ನಾನು?
ಇಟ್ಕೋ. ಇನ್ಯಾರೋ ಕೇಳ್ತಾರೆ."

ಯಾರೂ ಕೇಳಿಲ್ಲ ಇನ್ನೂ.
ಡಬ್ಬಿಯ ಪಕ್ಕ ಆ ಪ್ಯಾಕೆಟ್ಟು ಹಾಗೇ ಇದೆ.
ಬಾಟಲಿ ಬಂದಾಗಲೆಲ್ಲ ಹಳೆಯ ಹನ್ನೊಂದನ್ನು ನಾನು ನುಂಗಿ
ಹೊಸ ಹನ್ನೊಂದನ್ನು ಅದಕ್ಕೆ ಹಾಕುತ್ತೇನೆ, ಅವಧಿ ಮೀರದ ಹಾಗೆ.

ಮೊನ್ನೆ ಸಂತೆಯಲ್ಲಿ ಹೂಕೋಸು ತಿರುಗಿಸಿ ನೋಡುತ್ತಾ ನಿಂತಿದ್ದಳು.
ನಾನೂ ನಿಂತೆ. ಅತ್ತೆ ಪಕ್ಕದಲ್ಲೇ ಇದ್ದರು.
"ಯಾರೇ ಅದು?"
"ಗೊತ್ತಿರುವವಳು" ಅಂದೆ.
ಅಷ್ಟು ದೊಡ್ಡ ನಿಜವನ್ನು ಆ ಊರಿನಲ್ಲಿ
ಅಲ್ಲಿಯವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ.